‘ಪ್ರೆಸೆಂಟ್ ಮಿಸ್’ ಎಂದದ್ದು ಯಾರು?

ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲಿನ ಶಾಲೆಗಳ ಶಿಕ್ಷಕ, ಶಿಕ್ಷಕಿಯರಿಗೆ ಒಂದು ಬಹಿರಂಗ ಪತ್ರ



ಜೂನ್ ತಿಂಗಳ ಮೊದಲ ವಾರ ಎಂದಿಟ್ಟುಕೊಳ್ಳಿ. ಶಾಲೆ ಕೋನಪ್ಪನ ಅಗ್ರಹಾರದ್ದೋ ದೊಡ್ಡತೋಗೂರಿನದ್ದೋ ಹೆಬ್ಬಗೋಡಿಯದ್ದೋ, ಯಾವುದಾದರೂ ಸರಿ. ಹೊಸ ಮಕ್ಕಳು, ಹೊಸ ಬ್ಯಾಗು, ಮಡಿಕೆಯ ಗೆರೆ ಇನ್ನೂ ಮಾಸದ ಯೂನಿಫಾರಂ. ಹಾಜರಿ ಪುಸ್ತಕದಲ್ಲಿ ಒಂದರ ಕೆಳಗೊಂದು ಎರಡು ಹೆಸರುಗಳಿವೆ: ಒಂದೇ ಇನಿಶಿಯಲ್, ಒಂದೇ ಹುಟ್ಟಿದ ದಿನ, ಒಂದೇ ಮನೆ ವಿಳಾಸ. ಕ್ಲಾಸ್ ಟೀಚರ್ ಮೊದಲ ಹೆಸರು ಕೂಗುತ್ತಾರೆ. ಎರಡನೇ ಹೆಸರಿನವಳು ಎದ್ದು ನಿಂತು ‘ಪ್ರೆಸೆಂಟ್ ಮಿಸ್’ ಎನ್ನುತ್ತಾಳೆ. ಮೊದಲ ಹೆಸರಿನವಳು ಪಕ್ಕದಲ್ಲೇ ಕೂತು ನಗು ತಡೆಯಲಾರದೆ ತುಟಿ ಕಚ್ಚಿಕೊಳ್ಳುತ್ತಾಳೆ. ಟೀಚರಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಇಬ್ಬರನ್ನು ಅವರು ಮೊದಲ ಸಲ ನೋಡಿ ಇನ್ನೂ ಕಾಲು ಗಂಟೆ ಆಗಿಲ್ಲ.

ಇದು ಇಂಥ ಶಾಲೆಯಲ್ಲಿ ನಡೆದ ಇಂಥ ಘಟನೆ ಎಂಬ ದೂರಲ್ಲ. ತದ್ರೂಪಿ ಅವಳಿಗಳು ಹೊಸ ಶಾಲೆಗೆ ಕಾಲಿಟ್ಟ ಕಡೆಯೆಲ್ಲ ನಡೆಯುವ ಹಳೆಯ ಆಟ. ಕಾಲೇಜು ಹುಡುಗರು ‘ಪ್ರಾಕ್ಸಿ’ ಎಂದು ಕರೆಯುವುದನ್ನು ಇವರು ಪ್ರೈಮರಿಯಲ್ಲೇ ಕಲಿತಿರುತ್ತಾರೆ. ಒಂದು ದಿನ ಆಟ ಬಯಲಾಗುತ್ತದೆ. ಆಗ ಸ್ಟಾಫ್ ರೂಮಿನಲ್ಲಿ ಏನು ಮಾಡಬೇಕು ಎಂಬ ಚರ್ಚೆ ಏಳುತ್ತದಲ್ಲ, ಆ ಚರ್ಚೆಗೆ ಈ ಪತ್ರ.

ಮೊದಲಿಗೆ ಲೆಕ್ಕ. ಸಾವಿರ ಹೆರಿಗೆಗಳಲ್ಲಿ ಮೂರು ಅಥವಾ ನಾಲ್ಕು ತದ್ರೂಪಿ ಅವಳಿ ಹೆರಿಗೆಗಳಾಗಿರುತ್ತವೆ. ಜಗತ್ತಿನ ಯಾವ ಮೂಲೆಗೆ ಹೋದರೂ ಈ ಪ್ರಮಾಣ ಹೆಚ್ಚೂಕಡಿಮೆ ಇಷ್ಟೇ. ಬೇರೆ ಬೇರೆ ಅಂಡಗಳಿಂದ ಬೆಳೆದ, ಅಕ್ಕ-ತಂಗಿಯರಷ್ಟೇ ಹೋಲುವ ಅವಳಿಗಳ ಪ್ರಮಾಣ ಮಾತ್ರ ಊರಿಂದೂರಿಗೆ ಬದಲಾಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿ ಎಂಬ ಹಳ್ಳಿ 200ಕ್ಕೂ ಹೆಚ್ಚು ಅವಳಿ ಜೋಡಿಗಳಿಂದ ಹೆಸರಾಗಿದೆ. ನಮ್ಮಲ್ಲಿ ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತವೆ ಎಂದು ಹೇಳುತ್ತಾ ಅಜ್ಜಿಯರು ಹೆಣ್ಣುಮಕ್ಕಳ ಕೈಯಿಂದ ಹಣ್ಣು ಕಿತ್ತುಕೊಳ್ಳುತ್ತಿದ್ದರು. ಬಾಳೆಹಣ್ಣಿನ ತಪ್ಪೇನೂ ಇಲ್ಲ. ಫಲಿತಗೊಂಡ ಒಂದೇ ಅಂಡ ಮೊದಲ ಕೆಲವು ದಿನಗಳಲ್ಲಿ ಎರಡಾಗಿ ಒಡೆದರೆ ತದ್ರೂಪಿಗಳು ಹುಟ್ಟುತ್ತವೆ, ಅಷ್ಟೇ. ಸಾವಿರ ಮಕ್ಕಳಿರುವ ಶಾಲೆಯಲ್ಲಿ ಇಂಥ ಮೂರ್ನಾಲ್ಕು ಜೋಡಿ ಇದ್ದರೆ ಆಶ್ಚರ್ಯಪಡಬೇಕಿಲ್ಲ. ನಿಮ್ಮ ತರಗತಿಗೆ ಇಂದಲ್ಲ ನಾಳೆ ಒಂದು ಜೋಡಿ ಬಂದೇ ಬರುತ್ತದೆ.

ಹಾಗಾದರೆ ಈ ಪತ್ರ ಎಲೆಕ್ಟ್ರಾನಿಕ್ ಸಿಟಿಗೇ ಏಕೆ?

ಊರಿನಲ್ಲಿ ಈ ಆಟ ನಡೆಯುವುದು ಕಷ್ಟ. ಹುಟ್ಟಿದ ಊರಿನ ಶಾಲೆಯಲ್ಲಿ ಮೇಷ್ಟ್ರಿಗೆ ಗೊತ್ತಾಗದಿದ್ದರೂ ಬಿಸಿಯೂಟ ಬಡಿಸುವ ಅಕ್ಕನಿಗೆ ಗೊತ್ತು. ದೊಡ್ಡವಳ ನೆತ್ತಿಯಲ್ಲಿ ಎರಡು ಸುಳಿ, ಚಿಕ್ಕವಳ ಕಿವಿಯ ಹಿಂದೆ ಮಚ್ಚೆ, ಒಬ್ಬಳು ಓಡಿದರೆ ಚಪ್ಪಲಿ ಸದ್ದು ಬೇರೆ ಎಂದು ಬೀದಿಗೆ ಬೀದಿಯೇ ತಿಳಿದುಕೊಂಡಿರುತ್ತದೆ. ಆ ತಿಳಿವಳಿಕೆ ವರ್ಷಗಟ್ಟಲೆ ಕೂಡಿಟ್ಟ ಗಂಟು. ಮನೆ ಖಾಲಿ ಮಾಡಿ ಲಾರಿಗೆ ಸಾಮಾನು ತುಂಬುವಾಗ ಅದು ಅಲ್ಲೇ ಉಳಿಯುತ್ತದೆ. ಹೊಸ ಶಾಲೆಗೆ ಮಕ್ಕಳ ಜೊತೆ ಬರುವುದು ಟಿಸಿ ಮತ್ತು ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ಮಾತ್ರ.

ಎಲೆಕ್ಟ್ರಾನಿಕ್ ಸಿಟಿ ಇಂಥ ಟಿಸಿಗಳ ಮೇಲೆಯೇ ಕಟ್ಟಿದ ಊರು. 1970ರ ದಶಕದ ಕೊನೆಯಲ್ಲಿ ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಶುರುವಾದ ಕೈಗಾರಿಕಾ ಪ್ರದೇಶ ಇದು. ಆಮೇಲೆ ಇನ್ಫೊಸಿಸ್ ಬಂತು, ಪಕ್ಕದ ಹೆಬ್ಬಗೋಡಿಯಲ್ಲಿ ಬಯೋಕಾನ್ ಬೆಳೆಯಿತು, ಬೊಮ್ಮಸಂದ್ರ ಮತ್ತು ಜಿಗಣಿಯಲ್ಲಿ ಕಾರ್ಖಾನೆಗಳ ಸಾಲು ಎದ್ದಿತು. ಇಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಪುಣೆಯಿಂದ, ಹೈದರಾಬಾದಿನಿಂದ ವರ್ಗವಾಗಿ ಬಂದವರಿದ್ದಾರೆ. ಸಾಲುಮನೆಗಳಲ್ಲಿ ರಾಯಚೂರು, ಕಲಬುರಗಿ, ಒಡಿಶಾ, ಬಿಹಾರದಿಂದ ಬಂದವರಿದ್ದಾರೆ. ಅಪ್ಪನ ಪ್ರಾಜೆಕ್ಟ್ ಮುಗಿದರೆ ಅಥವಾ ಅಮ್ಮನ ಗಾರ್ಮೆಂಟ್ ಕೆಲಸ ಹೋದರೆ ಮಕ್ಕಳ ಶಾಲೆ ಬದಲಾಗುತ್ತದೆ, ಅದೂ ವರ್ಷದ ನಡುವೆ.

ಇಲ್ಲಿ ದೊಡ್ಡವರನ್ನೂ ಮುಖ ನೋಡಿ ಯಾರೂ ಒಳಗೆ ಬಿಡುವುದಿಲ್ಲ, ಕೊರಳ ಟ್ಯಾಗ್ ನೋಡಿ ಬಿಡುತ್ತಾರೆ. ಮನೆಯಲ್ಲಿ ಮರೆತು ಬಂದರೆ ಹತ್ತು ವರ್ಷ ದುಡಿದ ಗೇಟಿನಲ್ಲೂ ರಿಜಿಸ್ಟರಿನಲ್ಲಿ ಹೆಸರು ಬರೆದು, ಸಂದರ್ಶಕರ ಚೀಟಿ ಹಾಕಿಕೊಂಡು ಒಳಗೆ ಹೋಗಬೇಕು. ಅಪ್ಪ-ಅಮ್ಮ ದಿನವೂ ಕೊರಳಿಗೆ ಟ್ಯಾಗ್ ಹಾಕಿಕೊಳ್ಳುವುದನ್ನು ನೋಡಿ ಬೆಳೆದ ಮಕ್ಕಳಿಗೆ ಶಾಲೆಯೂ ಒಂದು ಐಡಿ ಕಾರ್ಡ್ ಕೊಡುತ್ತದೆ. ಅವಳಿಗಳು ಮಾಡಬೇಕಾದ್ದು ಇಷ್ಟೇ: ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತು ಕಾರ್ಡ್ ಅದಲು ಬದಲು ಮಾಡಿಕೊಳ್ಳುವುದು. ಇಡೀ ವ್ಯವಸ್ಥೆ ನಂಬುತ್ತದೆ.

ಕಾರ್ಡ್ ಬೇಡ, ಕ್ಯಾಮೆರಾ ಇಡೋಣ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಮುಖಚಹರೆ ಗುರುತಿಸಿ ಹಾಜರಾತಿ ಹಾಕುವ ವ್ಯವಸ್ಥೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತರುವುದಾಗಿ ರಾಜ್ಯ ಸರ್ಕಾರವೂ 2025ರಲ್ಲಿ ಹೇಳಿತು. ಮಕ್ಕಳ ಮುಖದ ಮಾಹಿತಿ ಯಾರ ಕೈ ಸೇರುತ್ತದೆ ಎಂಬ ಆಕ್ಷೇಪಣೆಗಳು ಬೇರೆ ಇವೆ. ಅವಳಿಗಳ ವಿಷಯದಲ್ಲಂತೂ ಈ ಯಂತ್ರ ನಿಮಗಿಂತ ಜಾಣನಲ್ಲ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2022ರಲ್ಲಿ ಮುಖ ಗುರುತಿಸುವ ತಂತ್ರಾಂಶಗಳನ್ನು ಅವಳಿಗಳ ಫೋಟೊ ಕೊಟ್ಟು ಪರೀಕ್ಷಿಸಿತು. ತದ್ರೂಪಿಗಳ ಮುಂದೆ ಅವು ಎಡವಿದವು, ಒಬ್ಬರನ್ನು ಇನ್ನೊಬ್ಬರೆಂದೇ ಒಪ್ಪಿಕೊಂಡವು. ಆಪಲ್ ಕಂಪನಿ 2017ರಲ್ಲಿ ಫೇಸ್ ಐಡಿ ತಂದಾಗ, ಬೇರೆಯವರ ಮುಖಕ್ಕೆ ಫೋನ್ ತೆರೆದುಕೊಳ್ಳುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು ಎಂದಿತು; ಜೊತೆಗೇ ಅವಳಿಗಳಿಗೆ, ತುಂಬ ಹೋಲುವ ಒಡಹುಟ್ಟಿದವರಿಗೆ, 13ರೊಳಗಿನ ಮಕ್ಕಳಿಗೆ ಈ ಲೆಕ್ಕ ನಡೆಯದು ಎಂದೂ ಹೇಳಿತು. ನಿಮ್ಮ ಪ್ರೈಮರಿ ತರಗತಿಯ ಅವಳಿಗಳು ಈ ಮೂರೂ ಪಟ್ಟಿಗಳಲ್ಲಿದ್ದಾರೆ. ಅದೇ 2017ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ವರದಿಗಾರನೊಬ್ಬನ ಅವಳಿ ಸಹೋದರ ದನಿ ಅನುಕರಿಸಿ, ದನಿಯನ್ನೇ ಬೀಗವಾಗಿಟ್ಟಿದ್ದ ಅವನ ಬ್ಯಾಂಕ್ ಖಾತೆಯೊಳಕ್ಕೆ ಹೋಗಿ ತೋರಿಸಿದ. ಅವರಿಬ್ಬರು ತದ್ರೂಪಿಗಳೂ ಆಗಿರಲಿಲ್ಲ.

ಯಂತ್ರಕ್ಕೆ ಸಿಗುವ ಗುರುತುಗಳು ಇಲ್ಲವೆಂದಲ್ಲ. ತದ್ರೂಪಿಗಳ ಬೆರಳಚ್ಚು ಒಂದೇ ಅಲ್ಲ. ಬೆರಳ ತುದಿಯ ಗೆರೆಗಳು ಗರ್ಭದಲ್ಲಿ ನಾಲ್ಕನೇ ತಿಂಗಳ ಸುಮಾರಿಗೆ ಮೂಡುವಾಗ ಅಲ್ಲಿಯ ಸಣ್ಣಪುಟ್ಟ ವ್ಯತ್ಯಾಸಗಳೂ ಗೆರೆಯ ದಾರಿ ತಿರುಗಿಸುತ್ತವೆ. ಕಣ್ಣಿನ ಪಾಪೆಯ ವಿನ್ಯಾಸವೂ ಬೇರೆ ಬೇರೆ. ಇನ್ಫೊಸಿಸ್ ಸಹಸಂಸ್ಥಾಪಕ ನಂದನ್ ನಿಲೇಕಣಿ 2009ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಚೇರಿ ಬಿಟ್ಟು ಕಟ್ಟಲು ಹೊರಟ ಆಧಾರ್ ಹತ್ತು ಬೆರಳು, ಎರಡು ಕಣ್ಣು, ಒಂದು ಮುಖವನ್ನು ಒಟ್ಟಿಗೆ ಕೇಳುವುದರಿಂದಲೇ ಅವಳಿಗಳನ್ನು ಬೇರೆಯಾಗಿ ನೋಡಬಲ್ಲದು. ಆದರೆ ಐದು ವರ್ಷದೊಳಗಿನ ಮಕ್ಕಳ ಬಾಲ ಆಧಾರ್‌ನಲ್ಲಿ ಬೆರಳೂ ಇಲ್ಲ, ಕಣ್ಣೂ ಇಲ್ಲ. ಇರುವುದು ಫೋಟೊ ಒಂದೇ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬೆರಳು-ಕಣ್ಣು ದಾಖಲಿಸಬೇಕು. ಆ ಮೊದಲ ಸಲ ಸರದಿಯಲ್ಲಿ ನಿಂತಾಗ ತಂಗಿಯ ಕಾರ್ಡಿಗೆ ಅಕ್ಕ ಬೆರಳೊತ್ತಿದರೆ, ಆಟ ಬರೀ ಆಟವಾಗಿ ಉಳಿಯದೆ ದಾಖಲೆಯಾಗಿ ಕೂರುತ್ತದೆ. ಹಾಗೆ ನೋಡಿದರೆ ಜರ್ಮನ್ ಶೆಫರ್ಡ್ ನಾಯಿಗಳೇ ಮೇಲು. ತರಬೇತಿ ಪಡೆದ ಈ ನಾಯಿಗಳು ತದ್ರೂಪಿ ಅವಳಿಗಳ ವಾಸನೆಯನ್ನು ತಪ್ಪದೆ ಬೇರ್ಪಡಿಸಿದ್ದನ್ನು ಚೆಕ್ ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದಾರೆ.

ಶಾಲೆಗೆ ನಾಯಿ ಕರೆತರುವುದು ಬೇಡ. ಆದರೆ ಗುರುತು ಸಿಗದಾಗ ಮೇಷ್ಟ್ರುಗಳು ಏನೇನು ಮಾಡಿದ್ದಾರೆ ಎಂಬುದಕ್ಕೆ 150 ವರ್ಷದ ಹಿಂದಿನ ದಾಖಲೆಯೊಂದಿದೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1875ರಲ್ಲಿ ಅವಳಿಗಳ ಬಗ್ಗೆ ಲೇಖನ ಬರೆಯುವ ಮುನ್ನ ಅವಳಿಗಳಿಗೂ ಅವರ ಬಂಧುಗಳಿಗೂ ಪ್ರಶ್ನಾವಳಿ ಕಳಿಸಿ ಉತ್ತರ ಕೂಡಿಹಾಕಿದ. ಮನುಷ್ಯನ ಸ್ವಭಾವದಲ್ಲಿ ಹುಟ್ಟು ಎಷ್ಟು, ಬೆಳೆಸಿದ ರೀತಿ ಎಷ್ಟು ಎಂದು ಅಳೆಯುವುದು ಅವನ ಉದ್ದೇಶ. ಬಂದ ಕಾಗದಗಳಲ್ಲಿ ಕತೆಗಳೇ ತುಂಬಿದ್ದವು. ಮಣಿಕಟ್ಟಿಗೆ ರಿಬ್ಬನ್ ಕಟ್ಟಿ ಗುರುತಿಟ್ಟರೂ ಒಬ್ಬನ ಊಟ ಇನ್ನೊಬ್ಬನಿಗೆ, ಒಬ್ಬನ ಔಷಧ ಇನ್ನೊಬ್ಬನಿಗೆ, ಒಬ್ಬನ ಏಟು ಇನ್ನೊಬ್ಬನಿಗೆ ಬಿದ್ದ ಕತೆ. ಕನ್ನಡಿಯಲ್ಲಿ ಕಂಡ ತನ್ನದೇ ಮುಖವನ್ನು ಒಡಹುಟ್ಟಿದವನೆಂದು ಮಾತಾಡಿಸಿದವರ ಕತೆ. ಸ್ನಾನದ ತೊಟ್ಟಿಯಲ್ಲೇ ಶಿಶುಗಳು ಬದಲಾಗಿ ಹೋದವೇನೋ ಎಂಬ ಅನುಮಾನ ಉಳಿದೇ ಹೋದ ಮನೆಯ ಕತೆ.

ಅದರಲ್ಲಿ ಶಾಲೆಯ ಪ್ರಸಂಗವೂ ಒಂದಿದೆ. ತುಂಟತನ ಮಾಡಿ ಸಿಕ್ಕಿಬಿದ್ದ ಅವಳಿ ಹುಡುಗರು ತಪ್ಪು ಯಾರದ್ದೆಂದು ಬಾಯಿ ಬಿಡುತ್ತಿರಲಿಲ್ಲ, ದೂರು ಕೊಟ್ಟವರಿಗೂ ಯಾವನೆಂದು ಖಚಿತವಿರಲಿಲ್ಲ. ಒಬ್ಬ ಹೆಡ್‌ಮಾಸ್ಟರ್, ತಪ್ಪಿತಸ್ಥನ ಬದಲು ನಿರಪರಾಧಿಗೆ ಹೊಡೆಯಲಾರೆ ಎಂದು ಇಬ್ಬರನ್ನೂ ಬಿಟ್ಟುಬಿಡುತ್ತಿದ್ದ. ಇನ್ನೊಬ್ಬ ಹೆಡ್‌ಮಾಸ್ಟರ್ ಇಬ್ಬರಿಗೂ ಬಾರಿಸುತ್ತಿದ್ದ.

ಶಿಕ್ಷಣ ಹಕ್ಕು ಕಾಯಿದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದರಿಂದ ಎರಡನೆಯವನ ದಾರಿ ನಿಮಗೆ ಮುಚ್ಚಿದೆ. ಇಬ್ಬರನ್ನೂ ಅಸೆಂಬ್ಲಿಯಲ್ಲಿ ನಿಲ್ಲಿಸಿ ಎಲ್ಲರ ಮುಂದೆ ‘ನಿಜ ಹೇಳಿ, ನಿಮ್ಮಲ್ಲಿ ಯಾರು ಯಾರು?’ ಎಂದು ಕೇಳುವುದೂ ಅದೇ ದಾರಿಯ ಇನ್ನೊಂದು ಹೆಜ್ಜೆ. ಮೊದಲನೆಯವನ ದಾರಿಯೂ ಸಾಲದು, ಅವನು ಹೊಡೆಯಲಿಲ್ಲ ನಿಜ, ಗುರುತಿಸಲೂ ಹೋಗಲಿಲ್ಲ.

ಈ ಗೊಂದಲವನ್ನು ಕತೆಗಾರರು ಚೆನ್ನಾಗಿ ಬಳಸಿಕೊಂಡಿದ್ದಾರೆ. ಸ್ವತಃ ಅವಳಿ ಮಕ್ಕಳ ತಂದೆಯಾಗಿದ್ದ ಷೇಕ್ಸ್‌ಪಿಯರ್ ಎರಡು ಜೋಡಿ ಅವಳಿಗಳನ್ನು ಒಂದೇ ಊರಿನಲ್ಲಿ ಬಿಟ್ಟು ‘ಕಾಮಿಡಿ ಆಫ್ ಎರರ್ಸ್’ ಬರೆದ. ಅದು ಕನ್ನಡಕ್ಕೆ ಬಂದದ್ದು 1871ರಲ್ಲಿ, ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಲ್ಲಿ. ತಂದವರು ಡೆಪ್ಯುಟಿ ಚೆನ್ನಬಸಪ್ಪ. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಶಿಕ್ಷಣ ಇಲಾಖೆಯ ಅಧಿಕಾರಿ, ಅಂದರೆ ನಿಮ್ಮದೇ ವೃತ್ತಿಯ ಹಿರಿಯರು. ಅದೇ ನಾಟಕದ ಎಳೆ ಹಿಡಿದು 1997ರಲ್ಲಿ ಎನ್.ಎಸ್. ಶಂಕರ್ ನಿರ್ದೇಶನದ ‘ಉಲ್ಟಾ ಪಲ್ಟಾ’ ಬಂತು. ಅವಳಿಗಳು ಬೇಕೆಂದೇ ಜಾಗ ಬದಲಿಸಿಕೊಳ್ಳುವ ಕತೆಯ ಮೂಲ ಜರ್ಮನಿಯ ಎರಿಕ್ ಕೆಸ್ಟ್ನರ್ 1949ರಲ್ಲಿ ಬರೆದ ಮಕ್ಕಳ ಕಾದಂಬರಿ. ಒಬ್ಬಳು ವಿಯೆನ್ನಾದವಳು, ಇನ್ನೊಬ್ಬಳು ಮ್ಯೂನಿಕ್‌ನವಳು. ರಜೆಯ ಶಿಬಿರದಲ್ಲಿ ಭೇಟಿಯಾಗಿ, ಒಬ್ಬರ ಮನೆಗೂ ಶಾಲೆಗೂ ಇನ್ನೊಬ್ಬರು ಹೋಗುತ್ತಾರೆ. ಇದು ಹಾಲಿವುಡ್‌ನಲ್ಲಿ ‘ದಿ ಪೇರೆಂಟ್ ಟ್ರ್ಯಾಪ್’ ಆಯಿತು, 1965ರಲ್ಲಿ ತಮಿಳಿನ ‘ಕುಳಂದೈಯುಂ ದೈವಮುಂ’ ಆಯಿತು, 1968ರಲ್ಲಿ ಹಿಂದಿಯ ‘ದೋ ಕಲಿಯಾಂ’ ಆಯಿತು. ನಿಮ್ಮ ತರಗತಿಯ ಮಕ್ಕಳ ಮನೆಗಳಲ್ಲಿ ಎಷ್ಟು ಭಾಷೆಗಳಿವೆಯೋ ಹೆಚ್ಚೂಕಡಿಮೆ ಅಷ್ಟೂ ಭಾಷೆಯ ಅಜ್ಜ-ಅಜ್ಜಿಯರು ಈ ಕತೆಗೆ ನಕ್ಕು ಅತ್ತವರೇ.

ಸಿನಿಮಾದ ಆಚೆಗೂ ನಿಜವಾದ ಅದಲುಬದಲುಗಳು ನಡೆದಿವೆ. ಅವು ಬಹುಪಾಲು ತಮಾಷೆಗೆ ಹುಟ್ಟಿದವಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪೋರ್ಟೊರಿಕೊದ ಓಟಗಾರ್ತಿ ಮ್ಯಾಡ್ಲಿನ್ ದೆ ಹೆಸೂಸ್ ಉದ್ದಜಿಗಿತದಲ್ಲಿ ಗಾಯಗೊಂಡಳು. 4x400 ಮೀಟರ್ ರಿಲೇ ತಂಡ ಒಬ್ಬಳಿಲ್ಲದೆ ನಿಂತುಹೋಗುತ್ತಿತ್ತು. ನೋಡಲು ಬಂದಿದ್ದ ತದ್ರೂಪಿ ಸೋದರಿ ಮಾರ್ಗರೆಟ್ ಅವಳ ಹೆಸರಿನಲ್ಲಿ ಅರ್ಹತಾ ಸುತ್ತು ಓಡಿದಳು. ತಂಡ ಮುಂದಿನ ಸುತ್ತಿಗೆ ಹೋಯಿತು. ಅಧಿಕಾರಿಗಳು ಹಿಡಿಯಲಿಲ್ಲ, ವಿಷಯ ತಿಳಿದ ಅವರದೇ ಕೋಚ್ ತಂಡವನ್ನು ಹಿಂತೆಗೆದುಕೊಂಡ. ದಕ್ಷಿಣ ಆಫ್ರಿಕಾದಲ್ಲಿ 1999ರ ಕಾಮ್ರೇಡ್ಸ್ ಮ್ಯಾರಥಾನ್ ಓಡಿದ ಸರ್ಜಿಯೊ ಮೊಟ್ಸೊಯೆನೆಂಗ್ ಮತ್ತು ಅವನ ತಮ್ಮ ಫಿಕಾ ಅವಳಿಗಳಲ್ಲ, ನೋಡಲು ಒಂದೇ ಥರ ಇದ್ದವರು. ದಾರಿಯ ಶೌಚಾಲಯಗಳಲ್ಲಿ ಬಟ್ಟೆ ಬದಲಿಸಿಕೊಂಡು ಸರದಿಯಲ್ಲಿ ಓಡಿ ಮೊದಲ ಹತ್ತರೊಳಗೆ ಬಂದರು. ಪತ್ರಿಕೆಯ ಫೋಟೊಗಳು ಅವರನ್ನು ಹಿಡಿದುಕೊಟ್ಟವು. ಒಂದು ಚಿತ್ರದಲ್ಲಿ ಗಡಿಯಾರ ಒಂದು ಕೈಯಲ್ಲಿ, ಇನ್ನೊಂದರಲ್ಲಿ ಇನ್ನೊಂದು ಕೈಯಲ್ಲಿ.

ಗಡಿಯಾರದ ಕೈ ಶಿಕ್ಷಕರಿಗೆ ಕೆಲಸಕ್ಕೆ ಬರುವ ಸುಳಿವು. ತದ್ರೂಪಿ ಅವಳಿಗಳಲ್ಲಿ ಐದಕ್ಕೊಂದು ಜೋಡಿಯಷ್ಟು ಕಡೆ ಒಬ್ಬರು ಬಲಗೈಯವರು, ಒಬ್ಬರು ಎಡಗೈಯವರು. ಜೀನುಗಳು ಕೂಡ ಅಕ್ಷರಶಃ ಒಂದೇ ಅಲ್ಲ. ಐಸ್‌ಲೆಂಡಿನಲ್ಲಿ 381 ಜೋಡಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಬೆಳವಣಿಗೆಯ ಮೊದಲ ಹಂತದಲ್ಲೇ ಆದ ಸರಾಸರಿ 5.2 ವ್ಯತ್ಯಾಸಗಳು ಸಿಕ್ಕವು. ಕಣ್ಣಿಗೆ ಕಾಣುವ ವ್ಯತ್ಯಾಸಗಳೂ ಇವೆ: ಕನ್ನಡ ಕಾಪಿ ಪುಸ್ತಕದಲ್ಲಿ ಯಾರ ‘ಳ’ಗೆ ಬಾಲ ಉದ್ದ, ಊಟದ ಡಬ್ಬಿಯಲ್ಲಿ ಯಾರು ಕರಿಬೇವು ಎತ್ತಿಡುತ್ತಾರೆ, ಬಿದ್ದಾಗ ಯಾರು ಅಳುತ್ತಾರೆ, ಯಾರು ಎದ್ದು ಮಣ್ಣು ಕೊಡವುತ್ತಾರೆ. ಇವು ಯಾವ ಕ್ಯಾಮೆರಾಕ್ಕೂ ಕಾಣದವು, ಒಂದು ತಿಂಗಳು ಒಟ್ಟಿಗಿದ್ದ ಟೀಚರಿಗೆ ಕಂಡೇ ಕಾಣುವವು.

ಒಂದು ಎಚ್ಚರಿಕೆ. ಅವಳಿಗಳು ಜಾಣರೆಂದು ತಿಳಿದ ಕೂಡಲೇ ಎಲ್ಲದರಲ್ಲೂ ಕಳ್ಳಾಟ ಕಾಣುವ ಚಾಳಿ ಶುರುವಾಗುತ್ತದೆ. 2016ರಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕೈಲಾ ಮತ್ತು ಕೆಲ್ಲಿ ಬಿಂಗಮ್ ಎಂಬ ತದ್ರೂಪಿ ಸೋದರಿಯರ ಉತ್ತರಗಳು ಒಂದೇ ಥರ ಇವೆ ಎಂದು ನಕಲಿನ ಆರೋಪ ಹೊರಿಸಲಾಯಿತು. ಸುದ್ದಿ ಕ್ಯಾಂಪಸ್ಸಿನ ತುಂಬ ಹರಡಿತು. ಅವರು ಕಾಲೇಜು ಬಿಟ್ಟರು, ವೈದ್ಯಕೀಯ ಬಿಟ್ಟು ಕಾನೂನು ಓದಿದರು, ಮಾನಹಾನಿ ಮೊಕದ್ದಮೆ ಹೂಡಿದರು. ಅವಳಿಗಳ ಬಗ್ಗೆ ದಶಕಗಳಿಂದ ಸಂಶೋಧಿಸುತ್ತಿರುವ ಮನಶ್ಶಾಸ್ತ್ರಜ್ಞೆ ನ್ಯಾನ್ಸಿ ಸೆಗಲ್, ಒಟ್ಟಿಗೆ ಓದಿ ಬೆಳೆದ ತದ್ರೂಪಿಗಳ ಅಂಕ ಹೋಲುವುದು ಸಹಜ ಎಂದು ಸಾಕ್ಷಿ ನುಡಿದರು. 2022ರ ನವೆಂಬರ್‌ನಲ್ಲಿ ಜ್ಯೂರಿ ಸೋದರಿಯರಿಗೆ 15 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಇಷ್ಟು ದೂರ ಹೋಗುವುದೂ ಬೇಕಿಲ್ಲ. 2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ಹಾಸನದ ಅವಳಿ ಸೋದರಿಯರಿಬ್ಬರಿಗೂ 600ಕ್ಕೆ ತಲಾ 571 ಅಂಕ ಬಂದದ್ದನ್ನು ಪತ್ರಿಕೆಗಳು ಸಂಭ್ರಮದಿಂದ ಬರೆದವು. ಹಾಸನದಲ್ಲಿ ಸಿಹಿ ಹಂಚಿದ ವಿಷಯಕ್ಕೆ ಸೌತ್ ಕ್ಯಾರೊಲಿನಾದಲ್ಲಿ ವಿಚಾರಣೆ ನಡೆದಿತ್ತು.

ಹಾಗಾದರೆ ಹೊಸ ಶಾಲೆಯ ಅದಲುಬದಲನ್ನು ಏನೆಂದು ನೋಡಬೇಕು?

ಹೊಸ ಶಾಲೆ ಎಂದರೆ ಯಾವ ಮಗುವಿಗಾದರೂ ಭಯ. ಒಂಟಿ ಮಗು ಆ ಭಯವನ್ನು ಒಂಟಿಯಾಗಿ ನುಂಗುತ್ತದೆ. ಅವಳಿ ಮಗುವಿಗೆ ಮಾತ್ರ ಇನ್ನೊಂದು ಉಪಾಯವಿದೆ, ಭಯ ಇರುವ ಜಾಗಕ್ಕೆ ಇನ್ನೊಬ್ಬಳನ್ನು ಕಳಿಸುವುದು. ಪುಣೆಯಲ್ಲಿ ನಾಲ್ಕನೇ ತರಗತಿ ಮುಗಿಸಿ ಬಂದ ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳಿ. ಕನ್ನಡ ಭಾಷಾ ಕಲಿಕೆ ಕಾಯಿದೆ 2015ರ ಪ್ರಕಾರ ಇಲ್ಲಿ ಅವರು ಕನ್ನಡ ಕಲಿಯಬೇಕು. ಅಕ್ಕ ಅಪಾರ್ಟ್‌ಮೆಂಟಿನ ಗೆಳತಿಯರ ಜೊತೆ ಆಡಿ ಬೇಗ ಕನ್ನಡ ಹಿಡಿದಳು. ತಂಗಿಗೆ ಒತ್ತಕ್ಷರ ಕಂಡರೆ ಬೆವರು. ಗಟ್ಟಿಯಾಗಿ ಓದುವ ಸರದಿ ಬಂದ ದಿನ ಇಬ್ಬರೂ ಸೆಕ್ಷನ್ ಬದಲಿಸುತ್ತಾರೆ. ತಂಗಿಯ ಜಾಗದಲ್ಲಿ ನಿಂತು ಅಕ್ಕ ಓದುತ್ತಾಳೆ, ತರಗತಿ ಚಪ್ಪಾಳೆ ತಟ್ಟುತ್ತದೆ. ಪಿಟಿ ಪಿರಿಯಡ್ಡಿನಲ್ಲಿ ತಂಗಿ ಋಣ ತೀರಿಸುತ್ತಾಳೆ, ಅಕ್ಕನ ಹೆಸರಿನಲ್ಲಿ ಓಡುತ್ತಾಳೆ. ಮನೆಗೆ ಹೋದ ಪ್ರೋಗ್ರೆಸ್ ಕಾರ್ಡಿನಲ್ಲಿ ಇಬ್ಬರೂ ಎಲ್ಲದರಲ್ಲೂ ಚೆನ್ನಾಗಿದ್ದಾರೆ.

ಈ ಪತ್ರ ನಿಮ್ಮನ್ನು ಕೇಳುವ ಮುಖ್ಯ ಮಾತು ಇಲ್ಲಿದೆ. ಸಿಕ್ಕಿಬಿದ್ದ ಅವಳಿಗಳನ್ನು ‘ನೀನು ಯಾರು?’ ಎಂದು ಕೇಳಬೇಡಿ. ‘ಯಾವ ಪಿರಿಯಡ್ಡಿನಲ್ಲಿ ಬದಲಾದಿರಿ?’ ಎಂದು ಕೇಳಿ. ಎಲ್ಲ ಪಿರಿಯಡ್ಡಿನಲ್ಲೂ ಆಗಾಗ ಬದಲಾಗಿದ್ದರೆ ಅದು ತುಂಟಾಟ, ಒಟ್ಟಿಗೆ ನಕ್ಕು ಮುಗಿಸಬಹುದು. ಗಣಿತಕ್ಕೆ ಮಾತ್ರ, ಓದುವ ಸರದಿಗೆ ಮಾತ್ರ, ಒಬ್ಬ ನಿರ್ದಿಷ್ಟ ಟೀಚರಿನ ತರಗತಿಗೆ ಮಾತ್ರ, ಸ್ಕೂಲ್ ವ್ಯಾನಿನ ಒಂದು ಸೀಟಿಗೆ ಮಾತ್ರ ಬದಲಾಗಿದ್ದರೆ ಆ ಮಗು ಏನನ್ನೋ ತಪ್ಪಿಸಿಕೊಳ್ಳುತ್ತಿದೆ. ಒಂಟಿ ಮಗು ಹೊಟ್ಟೆನೋವು ಎಂದು ಹೇಳಿ ಮನೆಯಲ್ಲುಳಿಯುತ್ತದೆ. ಅವಳಿ ಮಗು ಮನೆಯಲ್ಲೂ ಉಳಿಯುವುದಿಲ್ಲ, ಹಾಜರಿ ಪೂರ್ತಿ ಇರುತ್ತದೆ. ಅದಕ್ಕೇ ಅದರ ಸಂಕಟ ತಡವಾಗಿ ಕಾಣುತ್ತದೆ.

ಒಂದೇ ಸೆಕ್ಷನ್ನಿನಲ್ಲಿ ಕೂರಿಸಿದರೆ ತೊಂದರೆ, ಬೇರೆ ಮಾಡಿಬಿಡೋಣ ಎನ್ನುವವರಿದ್ದಾರೆ. ಇದರ ಬಗ್ಗೆ ಅಧ್ಯಯನಗಳಾಗಿವೆ. ಒಟ್ಟಿಗಿದ್ದ ಮತ್ತು ಬೇರೆಯಾದ ಅವಳಿಗಳ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು 2010ರಲ್ಲಿ ನೆದರ್ಲೆಂಡ್ಸ್‌ನ ಅಧ್ಯಯನ ಹೇಳಿತು. 2018ರಲ್ಲಿ ಬ್ರಿಟನ್ ಮತ್ತು ಕೆನಡಾದ ಕ್ವಿಬೆಕ್‌ನ ಸಾವಿರಾರು ಜೋಡಿಗಳನ್ನು ನೋಡಿದ ಅಧ್ಯಯನವೂ ಅದನ್ನೇ ಹೇಳಿತು. ಅಮೆರಿಕದ ಮಿನೆಸೋಟ ರಾಜ್ಯ 2005ರಲ್ಲೇ ಅವಳಿಗಳು ಒಟ್ಟಿಗಿರಬೇಕೋ ಬೇರೆಯೋ ಎಂಬ ವಿಷಯದಲ್ಲಿ ತಂದೆತಾಯಿಯ ಮಾತಿಗೆ ಬೆಲೆ ಕೊಡುವ ಕಾನೂನು ಮಾಡಿತು. ಶಾಲೆಯ ಅನುಕೂಲಕ್ಕೆ ಬೇರೆ ಮಾಡಬೇಡಿ. ಆ ಜೋಡಿಗೆ ಏನು ಒಳ್ಳೆಯದು ಎಂದು ಅಪ್ಪ-ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಕೇಳಿ ಮಾಡಿ. ಮಹಾಭಾರತದ ಅವಳಿಗಳಾದ ನಕುಲ, ಸಹದೇವರು ಅಜ್ಞಾತವಾಸಕ್ಕೆ ವಿರಾಟನ ಆಸ್ಥಾನಕ್ಕೆ ಬಂದಾಗ ಇಬ್ಬರದ್ದೂ ಸುಳ್ಳು ಹೆಸರೇ. ಆದರೂ ಒಬ್ಬ ಕುದುರೆ ಲಾಯಕ್ಕೆ ಹೋದ, ಇನ್ನೊಬ್ಬ ದನದ ಹಟ್ಟಿಗೆ ಹೋದ. ವಾಸ ಒಂದೇ ಅರಮನೆಯಲ್ಲಿ, ಕೆಲಸ ಮಾತ್ರ ಬೇರೆ ಬೇರೆ. ಒಂದೇ ತರಗತಿಯಲ್ಲಿದ್ದರೂ ಒಬ್ಬಳಿಗೆ ಗೋಡೆಪತ್ರಿಕೆ, ಇನ್ನೊಬ್ಬಳಿಗೆ ಗಿಡಗಳಿಗೆ ನೀರು ಹಾಕುವ ಕೆಲಸ ಕೊಡಬಹುದು.

ತಮಾಷೆ ನಿಲ್ಲಬೇಕಾದ ಜಾಗಗಳೂ ಇವೆ, ಅವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಒಂದು, ಔಷಧ. ಗಾಲ್ಟನ್ ಕಾಲದಲ್ಲಿ ಒಬ್ಬನ ಔಷಧ ಇನ್ನೊಬ್ಬನಿಗೆ ಹೋದದ್ದು ಕತೆ. ಒಬ್ಬಳಿಗೆ ಕಡಲೆಕಾಯಿ ಅಲರ್ಜಿಯೋ ಉಬ್ಬಸವೋ ಫಿಟ್ಸೋ ಇದ್ದರೆ ಇವತ್ತು ಅದು ಆಂಬುಲೆನ್ಸ್ ವಿಷಯ. ತದ್ರೂಪಿಗಳಾದ ಮಾತ್ರಕ್ಕೆ ಇಬ್ಬರಿಗೂ ಒಂದೇ ಕಾಯಿಲೆ ಇರುತ್ತದೆ ಎಂದೇನಿಲ್ಲ. ಆಯಮ್ಮನಿಗೂ ವ್ಯಾನ್ ಡ್ರೈವರಿಗೂ ಇದು ಗೊತ್ತಿರಬೇಕು. ಎರಡು, ಪಬ್ಲಿಕ್ ಪರೀಕ್ಷೆ. ಇನ್ನೊಬ್ಬರೆಂದು ಹೇಳಿಕೊಂಡು ವಂಚಿಸುವುದು ಭಾರತೀಯ ನ್ಯಾಯ ಸಂಹಿತೆಯ 319ನೇ ಸೆಕ್ಷನ್ ಪ್ರಕಾರ ಅಪರಾಧ. ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ ನಕ್ಕು ಬಿಟ್ಟದ್ದು ಎಸ್‌ಎಸ್‌ಎಲ್‌ಸಿ ಹಾಲ್‌ಟಿಕೆಟ್ ಕೈಗೆ ಬಂದಾಗ ನಗುವ ವಿಷಯವಾಗಿ ಉಳಿಯುವುದಿಲ್ಲ. ಮೂರು, ಮನೆಗೆ ಬಿಡುವ ಹೊತ್ತು. ಒಬ್ಬಳನ್ನು ಅಜ್ಜ ಕರೆದೊಯ್ದರೆ ಇನ್ನೊಬ್ಬಳೂ ಹೋದಳೆಂದು ಗೇಟಿನಲ್ಲಿ ಟಿಕ್ ಹಾಕಬಾರದು. ಅವಳಿಗಳ ಲೆಕ್ಕ ಯಾವಾಗಲೂ ಎರಡು.

ಉಳಿದ ಕೆಲವು ಸಣ್ಣ ಮಾತುಗಳು. ‘ಟ್ವಿನ್ಸ್ ಬನ್ನಿ’ ಎಂದು ಕರೆಯಬೇಡಿ. ಹೆಸರು ಎರಡಿವೆ, ಎರಡನ್ನೂ ಕರೆಯಿರಿ, ತಪ್ಪಾದರೆ ತಪ್ಪಾಯಿತು ಎಂದು ನಕ್ಕು ತಿದ್ದಿಕೊಳ್ಳಿ. ರೋಲ್ ನಂಬರ್ ಹಿಂದೆಮುಂದೆ ಇದ್ದರೂ ಬೆಂಚು ಬೇರೆ ಇರಲಿ. ಅಕ್ಕನ ಉತ್ತರಪತ್ರಿಕೆ ಹಿಡಿದು ತಂಗಿಗೆ ‘ನೋಡು, ಅವಳಿಗೆ ಎಷ್ಟು ಬಂದಿದೆ’ ಎನ್ನಬೇಡಿ. ಒಬ್ಬಳು ಸದಾ ಇಬ್ಬರ ಪರವಾಗಿ ಮಾತಾಡುತ್ತಿದ್ದರೆ ಸುಮ್ಮನಿರುವವಳನ್ನು ಬೇರೆಯಾಗಿ ಮಾತಾಡಿಸಿ. ಪೋಷಕರ ಸಭೆಯಲ್ಲಿ ಇಬ್ಬರಿಗೂ ಸೇರಿಸಿ ಹತ್ತು ನಿಮಿಷ ಕೊಡಬೇಡಿ, ಒಬ್ಬೊಬ್ಬರಿಗೂ ಹತ್ತು ನಿಮಿಷ ಕೊಡಿ. ದಾಖಲಾತಿಯ ದಿನ ಆಧಾರ್, ಟಿಸಿ, ಶಾಲಾ ದಾಖಲೆಯ ಸಂಖ್ಯೆ ಯಾರದ್ದು ಯಾರಿಗೆ ಎಂದು ಮಕ್ಕಳನ್ನು ಎದುರು ನಿಲ್ಲಿಸಿಕೊಂಡು ಒಮ್ಮೆ ನೋಡಿ. ಆಧಾರ್ ಕೇಂದ್ರಕ್ಕೆ ಕರೆದೊಯ್ಯುವ ಅಪ್ಪ-ಅಮ್ಮನಿಗೂ ಇದೇ ಮಾತು ಹೇಳಿ.

ತರಗತಿಯಲ್ಲಿ ಐವತ್ತು ಮಕ್ಕಳು, ಮಧ್ಯೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ. ಪ್ರೈವೇಟ್ ಶಾಲೆಯಲ್ಲಿ ಮ್ಯಾನೇಜ್‌ಮೆಂಟಿನ ಮೀಟಿಂಗು. ಇಷ್ಟರ ನಡುವೆ ಯಾರ ಕಿವಿಯ ಹಿಂದೆ ಮಚ್ಚೆ ಎಂದು ನೋಡಲು ಪುರುಸೊತ್ತೆಲ್ಲಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಊರು ಬಿಟ್ಟು ಬಂದ ಆ ಎರಡು ಮಕ್ಕಳಿಗೆ ಇಲ್ಲಿ ಊರಿನವರು ಎಂದು ಇರುವುದು ಸದ್ಯಕ್ಕೆ ನೀವೊಬ್ಬರೇ.

ಈ ವರ್ಷದ ಮೊದಲ ಒಂದು ತಿಂಗಳಾದರೂ ಹಾಜರಿ ಪುಸ್ತಕದಿಂದ ತಲೆಯೆತ್ತಿ ಹೆಸರು ಕೂಗಿ. ‘ಪ್ರೆಸೆಂಟ್ ಮಿಸ್’ ಎಂದ ಮುಖವನ್ನು ಎರಡು ಸೆಕೆಂಡ್ ನೋಡಿ, ಆಮೇಲೆ ಟಿಕ್ ಹಾಕಿ.